ಕುಡಿದು ಗಾಡಿ ಓಡಿಸಿದ ಕೇಸು: ಮನೆಯವರು ತಿಳಿದಿರಬೇಕಾದ್ದು

(ಗುಂಜಿಯ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳು)



ನಮ್ಮ ಗುಂಜಿ ಇರೋದು ಖಾನಾಪುರದಿಂದ ಲೋಂಡಾಕ್ಕೆ, ಅಲ್ಲಿಂದ ಗೋವಾಕ್ಕೆ ಹೋಗೋ ದಾರಿಯಲ್ಲಿ. ಜಾತ್ರೆ, ಮದುವೆ, ಸಂತೆ ಮುಗಿಸಿ ಗಂಡಸರು ರಾತ್ರಿ ಬೈಕ್ ಮೇಲೆ ಬರ್ತಾರೆ. ‘ಪೊಲೀಸರು ಹಿಡಿದಾರ’ ಅಂತ ಫೋನ್ ಬಂದ ಕೂಡಲೇ ನಾವು ಹುಡುಕೋದು ದುಡ್ಡು. ಸಂಘದ ಸಾಲ, ಇಲ್ಲಾಂದ್ರ ಕಿವಿಯ ಓಲೆ. ದುಡ್ಡಿಗಿಂತ ಮೊದಲು ಕಾನೂನು ತಿಳ್ಕೊಳ್ಳೋಣ.

ಕಾನೂನು ಏನು ಹೇಳ್ತದೆ?

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಇದ್ದು ಗಾಡಿ ಓಡಿಸಿದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ದಂಡ ಹೆಚ್ಚಾಗಿದೆ. ಮೊದಲ ಸಲಕ್ಕೆ 10,000 ರೂಪಾಯಿ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಟೋ ಸದಸ್ಯೆಗೆ 10,000 ಅಂದ್ರೆ 200 ವಾರ, ಹತ್ತಿರ ಹತ್ತಿರ ನಾಲ್ಕು ವರ್ಷದ ಉಳಿತಾಯ!

ಈ ಕೇಸು ರಸ್ತೆಯಲ್ಲಿ ದುಡ್ಡು ಕೊಟ್ಟು ಮುಗಿಸೋದಲ್ಲ. ತೀರ್ಮಾನ ಆಗೋದು ನ್ಯಾಯಾಲಯದಲ್ಲಿ. ‘ನಾ ಮುಗಿಸಿ ಕೊಡ್ತೀನಿ’ ಅನ್ನೋ ಮಧ್ಯವರ್ತಿಗೆ ಒಂದು ರೂಪಾಯಿ ಸಹ ಕೊಡಬ್ಯಾಡ್ರಿ.

ಹಿಡಿದಾಗ ಇರುವ ಹಕ್ಕುಗಳು

1. ಇದು ಜಾಮೀನು ಸಿಗುವ ಅಪರಾಧ. ಜಾಮೀನು ಕೇಳೋದು ಹಕ್ಕು.

2. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಆಗಬೇಕು. ಆಗದಿದ್ದರೆ ಬಿಡಬೇಕು. ಇದು 202ನೇ ಕಲಂನಲ್ಲಿದೆ.

3. ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಬಿಡದೆ ಇಟ್ಟುಕೊಂಡರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

4. ಲೈಸೆನ್ಸ್ ತೆಗೆದುಕೊಂಡರೆ ರಸೀದಿ ಕೇಳಿ ಪಡೀರಿ.

ಊದುವ ಪರೀಕ್ಷೆಗೆ ‘ಒಲ್ಲೆ’ ಅಂದ್ರೆ ಲಾಭ ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ ಅದೇ ಅವರ ವಿರುದ್ಧ ಸಾಕ್ಷಿಯಾಗಬಹುದು.

ವಕೀಲರು ಏನು ನೋಡ್ತಾರೆ?

ಯಂತ್ರದಿಂದ ಬಂದ ಚೀಟಿಯಲ್ಲಿ ಹೆಸರು, ದಿನಾಂಕ, ವೇಳೆ, ಅಂಕಿ ಸರಿ ಇವೆಯೋ? ವೈದ್ಯರ ವರದಿ ಇದೆಯೋ? ಬಾಯಿ ವಾಸನೆ ಬಂತು, ನಡಿಗೆ ತೂರಾಡಿತು ಅನ್ನೋದರಿಂದಲೇ ಕುಡಿದ ಅಮಲಿನಲ್ಲಿದ್ದ ಅಂತ ಖಚಿತವಾಗಿ ತೀರ್ಮಾನಿಸಲಾಗದು ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತ್ತು. ಆದ್ದರಿಂದ ಎಲ್ಲ ಕಾಗದ ಜೋಪಾನ ಮಾಡ್ರಿ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲವೆ? ಬಂಧನದಲ್ಲಿರೋರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ಸಿಗ್ತಾರೆ. ಖಾನಾಪುರದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗ್ರಿ, ಇಲ್ಲವೇ 15100ಕ್ಕೆ ಫೋನ್ ಮಾಡ್ರಿ.

ಸುಳ್ಳು ಬೇಡ

ಕೆಲವು ಮನೆಯಲ್ಲಿ ಹೆಂಡತಿಗೆ ‘ಗಾಡಿ ಓಡಿಸಿದ್ದು ನಿನ್ನ ತಮ್ಮ ಅಂತ ಹೇಳು’ ಅಂತಾರೆ. ಬ್ಯಾಡ್ರಿ. ಸುಳ್ಳು ಸಾಕ್ಷಿ ಹೇಳಿದರೆ ನಿಮ್ಮ ಮೇಲೇ ಬೇರೆ ಕೇಸಾಗ್ತದೆ. ಕುಡಿದಿದ್ದು ನಿಜ ಆದರೆ, ವಕೀಲರ ಸಲಹೆ ಪಡೆದು ತಪ್ಪೊಪ್ಪಿಕೊಂಡು, ಜೈಲು ಬೇಡ, ದಂಡ ಸಾಕು ಅಂತ ನ್ಯಾಯಾಧೀಶರಲ್ಲಿ ಕೇಳಿಕೊಳ್ಳಬಹುದು. ಕಾನೂನಿನ ರಕ್ಷಣೆ ಅಂದ್ರೆ ನ್ಯಾಯವಾದ ವಿಚಾರಣೆ. ತಪ್ಪಿಸಿಕೊಳ್ಳೋ ದಾರಿ ಅಲ್ಲ.

ಅಪಘಾತ ಆಗಿಬಿಟ್ಟರೆ ಯಾವ ವಕೀಲರೂ ಸತ್ತವರನ್ನು ತಂದುಕೊಡೋದಿಲ್ಲ. ಕುಡಿದು ಓಡಿಸಿದ್ದು ಸಾಬೀತಾದರೆ ನಮ್ಮ ಗಾಡಿಯ ನಷ್ಟಕ್ಕೆ ವಿಮಾ ಕಂಪನಿ ಹಣ ನಿರಾಕರಿಸಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಹಿಡಿದಿದೆ. ಆಗ ಗಾಡಿಯೂ ಇಲ್ಲ, ದುಡಿಮೆಯೂ ಇಲ್ಲ, ಸಾಲದ ಕಂತು ಮಾತ್ರ ಉಳೀತದೆ.

ಅದಕ್ಕೇ ಮುಂದಿನ ವಾರದ ಸಭೆಯಲ್ಲಿ ಎರಡು ಕೆಲಸ ಮಾಡೋಣ. 15100 ಮತ್ತು ಕುಡಿತ ಬಿಡಿಸಲು ಸಲಹೆ ಕೊಡುವ 14446, ಈ ಎರಡು ನಂಬರನ್ನು ಪ್ರತಿಯೊಬ್ಬರ ಪಾಸ್‌ಬುಕ್ಕಿನ ಹಿಂದೆ ಬರೆಯೋಣ. ಮದುವೆ, ಜಾತ್ರೆಗೆ ಹೋಗೋವಾಗ ಗಾಡಿ ಕೀ ಕುಡಿಯದವರ ಕೈಯಲ್ಲಿರಬೇಕು ಅಂತ ಮನೆ ಮನೆಯಲ್ಲೂ ಮಾತಾಡೋಣ. ಒಬ್ಬಳೇ ಹೇಳಿದರೆ ಜಗಳ ಅಂತಾರೆ, ಸಂಘವೇ ಹೇಳಿದರೆ ಊರು ಕೇಳ್ತದೆ.