ಚೌಕಾಬಾರದ ನಾಲ್ಕನೆಯವರು

ಓದುಗ ಮಿತ್ರರೇ, ನೀವು ಎಂದಾದರೂ ಚಳ್ಳಕೆರೆ ಅಥವಾ ಮೊಳಕಾಲ್ಮೂರು ಕಡೆಯ ಹಳೆಯ ಮನೆಗೆ ಹೋದರೆ, ಪಡಸಾಲೆಯ ಕಲ್ಲುಚಪ್ಪಡಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಕೆಲವೆಡೆ ಅಲ್ಲಿ ಉದ್ದಕ್ಕೆ 5, ಅಡ್ಡಕ್ಕೆ 5, ಒಟ್ಟು 25 ಮನೆಗಳ ಗೀಟುಗಳು ಕಾಣುತ್ತವೆ. ನಾಲ್ಕೂ ಬದಿಗಳ ನಡುಮನೆಗೂ, ಒಳಗಿನ ಮಧ್ಯದ ಮನೆಗೂ ಕತ್ತರಿ ಗುರುತು ಇರುತ್ತದೆ. ಅದೇ ಚೌಕಾಬಾರ.

ಈ ಆಟಕ್ಕೆ ದುಡ್ಡು ಕೊಟ್ಟು ತರಬೇಕಾದದ್ದು ಏನೂ ಇಲ್ಲ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಬದಿ ಬಿಳಿಯಾಗುವವರೆಗೆ ಕಲ್ಲಿಗೆ ಉಜ್ಜಿದರಾಯಿತು. ಒಡೆದ ಬಳೆಚೂರು, ಗುಂಡಿ, ಕಡಲೆಬೀಜ, ಯಾವುದಾದರೂ ಕಾಯಿಯಾಗಬಹುದು. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಮತ್ತೊಮ್ಮೆ ಹಾಕುವ ಅವಕಾಶ ಉಂಟು. ಲೆಕ್ಕ ಹಾಕಿ ನೋಡಿ: ನಾಲ್ಕು ಕವಡೆಗಳು ಬೀಳುವ ಬಗೆ 16. ಅದರಲ್ಲಿ 2 ಬೀಳುವ ಬಗೆ 6, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಉಜ್ಜಿದ ಹುಣಸೆ ಬೀಜ ಈ ಲೆಕ್ಕವನ್ನು ಸರಿಯಾಗಿ ಪಾಲಿಸುವುದಿಲ್ಲ ಎಂಬುದು ಆಡಿದವರಿಗೆಲ್ಲ ಗೊತ್ತು. ಜಗಳಗಳು ಹುಟ್ಟುವುದೂ ಅಲ್ಲಿಯೇ!

ಹೊರಸುತ್ತಿನ 16 ಮನೆಗಳನ್ನು ಸುತ್ತಿ ಬಂದ ಕಾಯಿ, ಒಳಸುತ್ತಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ, ಕೊನೆಗೆ ನಡುಮನೆ ಸೇರಬೇಕು. ದಾರಿಯಲ್ಲಿ ಎದುರಾಳಿಯ ಕಾಯಿ ಸಿಕ್ಕರೆ ಕಡಿಯಬಹುದು. ಕತ್ತರಿ ಗುರುತಿನ ಕಟ್ಟೆಮನೆಯಲ್ಲಿ ಕೂತವನನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಹಲವು ಮನೆಗಳ ಕಟ್ಟಳೆಯಂತೆ, ಒಮ್ಮೆಯಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿಯನ್ನು ನಮ್ಮವರು 'ಹಣ್ಣಾಯಿತು' ಎನ್ನುತ್ತಾರೆ. ಗೆದ್ದಿತು ಎನ್ನುವುದಿಲ್ಲ, ಹಣ್ಣಾಯಿತು ಎನ್ನುತ್ತಾರೆ.

ಇದಕ್ಕೆ ನಾಲ್ಕು ಬದಿ, ನಾಲ್ಕು ಜನ. ಇಬ್ಬರೇ ಕೂತರೂ ಆಟ ನಡೆಯುತ್ತದೆ, ಆದರೆ ರಂಗೇರುವುದಿಲ್ಲ.

ನಾಲ್ವರು ಸುತ್ತ ಕೂತು ಆಡುವ ಆಟ ನಮ್ಮಲ್ಲಷ್ಟೇ ಇಲ್ಲ. ಚೀನಾದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ರೂಪುಗೊಂಡ ಮಾಜಾಂಗ್ ಅಂಥದೇ ಇನ್ನೊಂದು. ಅದರಲ್ಲಿ ಸಾಮಾನ್ಯವಾಗಿ 144 ಬಿಲ್ಲೆಗಳು. ಅವುಗಳ ಮೇಲೆ ಬಿದಿರು, ಚಕ್ರ, ಅಕ್ಷರಗಳ ಚಿತ್ರ. ನಾಲ್ವರೂ ನಾಲ್ಕು ದಿಕ್ಕಿನ ಗಾಳಿಯ ಹೆಸರಿನಲ್ಲಿ ಮೇಜಿನ ಸುತ್ತ ಕೂಡುತ್ತಾರೆ. 1920ರ ದಶಕದಲ್ಲಿ ಈ ಆಟ ಅಮೆರಿಕವನ್ನೇ ಮರುಳು ಮಾಡಿತು. ಮುಂದೆ ಕಾದಂಬರಿ, ಸಿನಿಮಾಗಳಿಗೂ ಬಂತು. ಏಮಿ ಟ್ಯಾನ್ ಅವರ 'ದಿ ಜಾಯ್ ಲಕ್ ಕ್ಲಬ್' ಕಾದಂಬರಿ 1989ರಲ್ಲಿ ಪ್ರಕಟವಾಯಿತು, 1993ರಲ್ಲಿ ಚಲನಚಿತ್ರವಾಯಿತು. ಅದರಲ್ಲಿ ತಾಯಿ ತೀರಿಕೊಂಡ ಮೇಲೆ, ಮಾಜಾಂಗ್ ಮೇಜಿನಲ್ಲಿ ಆಕೆಯ ಖಾಲಿ ಜಾಗಕ್ಕೆ ಮಗಳನ್ನು ಕರೆದು ಕೂರಿಸುತ್ತಾರೆ. 2018ರ 'ಕ್ರೇಜಿ ರಿಚ್ ಏಷಿಯನ್ಸ್' ಚಿತ್ರದಲ್ಲಿ, ತಾನು ಗೆಲ್ಲಬಹುದಾದ ಬಿಲ್ಲೆಯನ್ನು ನಾಯಕಿ ಬೇಕೆಂದೇ ಬಿಟ್ಟುಕೊಟ್ಟು, ತಾನು ಪ್ರೀತಿಸಿದವನ ತಾಯಿಗೆ ಹೇಳಬೇಕಾದದ್ದನ್ನು ಹೇಳುತ್ತಾಳೆ. ಎರಡರಲ್ಲೂ ಆಟ ಒಂದು ನೆಪ. ಎದುರಿಗೆ ಕೂತವರು ಯಾರು ಎಂಬುದೇ ಮುಖ್ಯ.

ನಮ್ಮ ಕಥೆಗಳಲ್ಲಿ ಆಟದ ಚಿತ್ರ ಬೇರೆಯೇ. ಕನಕದಾಸರ ನಳಚರಿತ್ರೆಯಲ್ಲಿ ನಳ ಪಗಡೆಯಿಂದ ರಾಜ್ಯ ಕಳೆದುಕೊಳ್ಳುತ್ತಾನೆ. ಕುಮಾರವ್ಯಾಸನ ಸಭಾಪರ್ವದಲ್ಲಿ ಧರ್ಮರಾಯ ತಮ್ಮಂದಿರನ್ನೂ ದ್ರೌಪದಿಯನ್ನೂ ಪಣಕ್ಕಿಡುತ್ತಾನೆ. ಬಯಲಾಟದ ಅಟ್ಟದ ಮೇಲೆ, ತೊಗಲುಗೊಂಬೆಯ ಪರದೆಯ ಮೇಲೆ, ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಶಕುನಿಯ ದಾಳ ಎಷ್ಟು ಸಲ ಉರುಳಿದೆಯೋ! ದೂರದರ್ಶನದಲ್ಲಿ 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಬರುತ್ತಿದ್ದಾಗ, ಊರಿನಲ್ಲಿ ಟಿ.ವಿ. ಇದ್ದ ಮನೆಯ ಮುಂದೆ ಭಾನುವಾರ ಬೆಳಿಗ್ಗೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ದ್ಯೂತದ ಪ್ರಸಂಗ ಬಂದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಆದ್ದರಿಂದಲೇ 'ಪಗಡೆ ಮನೆಹಾಳು' ಎಂಬ ಮಾತು ನಮ್ಮಲ್ಲಿ ನಿಂತಿತು.

ಆದರೆ ಅದೇ ಜನ ಶಿವರಾತ್ರಿಯ ಜಾಗರಣೆಗೆ ಚೌಕಾಬಾರದ ಮುಂದೆಯೇ ಕೂರುತ್ತಿದ್ದರು! ಎಲ್ಲೋರದ ಗುಹೆಗಳಲ್ಲಿ ಶಿವ ಪಾರ್ವತಿಯರೂ ಪಗಡೆಯಾಡುತ್ತಾ ಕೂತಿದ್ದಾರೆ. ಹಾಗಾದರೆ ಕೆಡುಕು ದಾಳದಲ್ಲಿದೆಯೇ, ಪಣದಲ್ಲಿದೆಯೇ?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಮೊಳಕಾಲ್ಮೂರಿನ ಬಂಧುಗಳ ಮನೆಯಲ್ಲಿ. ರೇಷ್ಮೆ ಸೀರೆ ನೇಯುವ ಮನೆ ಅದು. ಗುಂಡಿಮಗ್ಗದಲ್ಲಿ ಕೂರುವವನು ಒಬ್ಬನೇ ಆದರೂ ನೇಯ್ಗೆ ಮನೆಮಂದಿಯ ಕೆಲಸ. ಕಂಡಿಕೆ ಸುತ್ತುತ್ತಿದ್ದ ಅಜ್ಜಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಆದರೂ ಬೀಜಗಳ ಮೇಲೆ ಬೆರಳಾಡಿಸಿ 'ಬಾರ' ಎನ್ನುತ್ತಿದ್ದಳು, ಒಮ್ಮೆಯೂ ತಪ್ಪುತ್ತಿರಲಿಲ್ಲ. ಅವಳು ತೀರಿಕೊಂಡ ಮರುವರ್ಷದ ಶಿವರಾತ್ರಿಗೆ ನಾವು ಮೂವರು ಕೂತೆವು. ಅಜ್ಜಿಯ ಬದಿ ಖಾಲಿ. ಮೊಮ್ಮಗ ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. 'ಬಾರೋ, ಅಜ್ಜಿ ಜಾಗ ಬರಿದಾಗಿರಬಾರದು' ಎಂದು ಅವನ ತಾಯಿ ಎರಡು ಸಲ ಕರೆದರು. ಒಲ್ಲದ ಮನಸ್ಸಿನಿಂದ ಬಂದ. ಕಾಯಿ ನಡೆಸುವ ದಿಕ್ಕನ್ನೇ ಮರೆತಿದ್ದ.

ನಡುರಾತ್ರಿ ಕಳೆದು ಮೂರನೆಯ ಆಟ ನಡೆಯುತ್ತಿದ್ದಾಗ, ಕೈಯಲ್ಲಿದ್ದ ಬೀಜಗಳನ್ನು ಹಾಕದೆ ತಲೆ ತಗ್ಗಿಸಿದ. ನೂಲಿಗೆಂದು ತೆಗೆದಿಟ್ಟಿದ್ದ ಹಣವನ್ನು ಮೊಬೈಲಿನ ರಮ್ಮಿಯಲ್ಲಿ ಸೋತಿದ್ದ. ಆರು ತಿಂಗಳಿಂದ ಸೋಲುತ್ತಿದ್ದ, ಪಕ್ಕದ ಕೋಣೆಯಲ್ಲಿದ್ದ ತಾಯಿಗೂ ತಿಳಿದಿರಲಿಲ್ಲ.

ಆ ರಾತ್ರಿ ಸಾಲ ತೀರಲಿಲ್ಲ. ಅಪ್ಪ ಎದ್ದು ಹೋಗಿ ಮಗ್ಗದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಆದರೆ ಅವನು ಬಾಯಿ ಬಿಟ್ಟ. ಚೌಕಾಬಾರದಲ್ಲಿ ಯಾರೂ ಗುಟ್ಟಾಗಿ ಸೋಲಲು ಸಾಧ್ಯವಿಲ್ಲ ಎಂಬುದು ನನಗೆ ಅಂದು ಹೊಳೆಯಿತು. ಇಲ್ಲಿ ಕಾಯಿ ಕಡಿದರೆ ಮೂರು ಜನ ನೋಡುತ್ತಾರೆ, ನಗುತ್ತಾರೆ, 'ಸಾಕು, ಏಳು' ಎನ್ನುತ್ತಾರೆ.

ಮಾಜಾಂಗ್‌ನ ಕಥೆಯೂ ಪರದೆಗೆ ಬಂದು ಬದಲಾಯಿತು. 1981ರಲ್ಲಿ ಬ್ರೋಡಿ ಲೊಕಾರ್ಡ್ ಎಂಬ ಅಮೆರಿಕದ ಯುವಕ, ಅಪಘಾತದಿಂದ ಕೈಕಾಲು ಸ್ವಾಧೀನ ತಪ್ಪಿದ್ದವನು, ಅದರ ಬಿಲ್ಲೆಗಳನ್ನು ಬಳಸಿ ಒಬ್ಬನೇ ಜೋಡಿ ಹುಡುಕುವ ಕಂಪ್ಯೂಟರ್ ಆಟ ರಚಿಸಿದ. 1986ರಲ್ಲಿ ಅದು 'ಶಾಂಘೈ' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಮಾಜಾಂಗ್ ಎಂದರೆ ಬಹುಮಂದಿಗೆ ಗೊತ್ತಿರುವುದು ಇದೇ. ಹಾಸಿಗೆ ಹಿಡಿದವನಿಗೆ, ಒಂಟಿಯಾದವನಿಗೆ ಅಂಥ ಆಟ ಆಸರೆ. ಅದನ್ನು ಹಳಿಯುವುದು ಸಲ್ಲದು. ಒಂಟಿತನಕ್ಕೆ ಹಣದ ಪಣ ಸೇರಿದಾಗ ಮಾತ್ರ ಅಪಾಯ.

ಕಾನೂನೂ ಇದನ್ನು ಗಮನಿಸಿದೆ. ಕರ್ನಾಟಕ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾಯ್ದೆಯನ್ನು ಅಂಗೀಕರಿಸಿತು. ನಾನು ಹೇಳಿದ ಘಟನೆ ಅದಕ್ಕೂ ಹಿಂದಿನದು. ಆದರೆ ಒಳಕೋಣೆಯಲ್ಲಿ ಒಬ್ಬನೇ ಕೂತವನನ್ನು ಹೊರಗೆ ಕರೆಯುವ ಕೆಲಸವನ್ನು ಕಾಯ್ದೆ ಮಾಡಲಾರದು.

ಜೊತೆಗೆ ಜನರಿದ್ದ ಮಾತ್ರಕ್ಕೆ ಸಾಲದು ಎಂಬುದನ್ನೂ ಮಹಾಭಾರತ ಹೇಳುತ್ತದೆ. ಕೌರವರ ಸಭೆಯಲ್ಲಿ ಹಿರಿಯರಿಗೇನು ಕೊರತೆ? ಭೀಷ್ಮರಿದ್ದರು, ದ್ರೋಣರಿದ್ದರು. ದ್ರೌಪದಿ ಕೇಳಿದ ಪ್ರಶ್ನೆಗೆ ನೇರ ಉತ್ತರ ಅವರಿಂದ ಬರಲಿಲ್ಲ. ಸುತ್ತ ಕೂತವರು ಬಾಯಿ ಬಿಟ್ಟು 'ಸಾಕು' ಎನ್ನದಿದ್ದರೆ ತುಂಬಿದ ಸಭೆಯೂ ಒಳಕೋಣೆಯೇ.

ಆದ್ದರಿಂದ ಓದುಗ ಮಿತ್ರರೇ, ಮುಂದಿನ ಹಬ್ಬಕ್ಕೆ ನಾಲ್ಕು ಹುಣಸೆ ಬೀಜ ಉಜ್ಜಿಟ್ಟುಕೊಳ್ಳಿ. ಚಪ್ಪಡಿಯ ಗೀಟು ಸವೆದಿದ್ದರೆ ಸೀಮೆಸುಣ್ಣದಿಂದ ಮತ್ತೆ ಎಳೆಯಿರಿ. ಮೂರು ಜನ ಸುಲಭವಾಗಿ ಸಿಗುತ್ತಾರೆ. ನಾಲ್ಕನೆಯವರನ್ನು ಮಾತ್ರ ಒಂದೇ ಸಲ ಕರೆದು ಸುಮ್ಮನಾಗಬೇಡಿ, ಎರಡನೆಯ ಸಲವೂ ಕರೆಯಿರಿ.