ಹೇಳಿಕೊಳ್ಳಲು ನಾಚುವ ನೋವು: ಗುದದ ಬಿರುಕಿಗೆ ಮನೆಯ ಉಪಚಾರ

(ರೈತರ ಸಭೆಯೊಂದರಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಈ ದಿನ ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ ಕೆಲವರಿಗೆ ನಗು ಬರಬಹುದು, ಕೆಲವರು ತಲೆ ತಗ್ಗಿಸಬಹುದು. ಆದರೆ ಈ ಕಾಯಿಲೆ ಬಂದವರಿಗೆ ಇದು ನಗುವ ಮಾತಲ್ಲ. ಬೆಳಿಗ್ಗೆ ಹೊರಕಡೆಗೆ ಹೋಗಬೇಕೆಂದರೆ ಕಣ್ಣಲ್ಲಿ ನೀರು ಬರುತ್ತದೆ. ಬಂದ ಮೇಲೆ ಒಂದೆರಡು ಗಂಟೆ ಕೂರಲಾಗದು, ನೇಗಿಲು ಹಿಡಿಯಲಾಗದು. ಹೆಂಡತಿಗೂ ಹೇಳದೆ, ವೈದ್ಯರಿಗೂ ತೋರಿಸದೆ ತಿಂಗಳುಗಟ್ಟಲೆ ನರಳುವವರು ಎಷ್ಟೋ ಮಂದಿ.

ಮಲದೊಡನೆ ರಕ್ತ ಕಂಡರೆ ನಮ್ಮ ಜನ ಕೂಡಲೇ "ಮೂಲವ್ಯಾಧಿ" ಎನ್ನುತ್ತಾರೆ. ಎಲ್ಲವೂ ಮೂಲವ್ಯಾಧಿಯಲ್ಲ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ರಕ್ತ ಹೋಗುತ್ತದೆ, ನೋವು ಕಡಿಮೆ. ಕತ್ತಿಯಿಂದ ಕೊಯ್ದಂತೆ ನೋವು, ಆಮೇಲೆ ಬಹಳ ಹೊತ್ತು ಉರಿ, ಮಲದ ಮೇಲೆ ಗೆರೆ ಎಳೆದಂತೆ ಕೆಂಪು ರಕ್ತ, ಇಷ್ಟಿದ್ದರೆ ಅದು ಬಹುಪಾಲು ಗುದದ ಬಿರುಕು. ವೈದ್ಯರು ಇದನ್ನು ಫಿಶರ್ ಎನ್ನುತ್ತಾರೆ.

ಇದು ಹೇಗೆ ಆಗುತ್ತದೆ? ಗಟ್ಟಿಯಾದ ಮಲವನ್ನು ತಿಣುಕಿ ಹೊರಹಾಕುವಾಗ ಗುದದ ಒಳಗಿನ ತೆಳು ಚರ್ಮ ಸೀಳುತ್ತದೆ. ಬಹಳ ದಿನದ ಭೇದಿಯಿಂದಲೂ, ಹೆರಿಗೆಯಲ್ಲಿಯೂ ಆಗಬಹುದು. ಸೀಳಿದ ನೋವಿಗೆ ಅಲ್ಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿದಾಗ ಆ ಜಾಗಕ್ಕೆ ರಕ್ತದ ಹರಿವು ಕಡಿಮೆಯಾಗಿ ಗಾಯ ಬೇಗ ಮಾಯುವುದಿಲ್ಲ.

ಎತ್ತಿನ ಹೆಗಲ ಹುಣ್ಣನ್ನು ನೀವೆಲ್ಲ ಕಂಡಿದ್ದೀರಿ. ಹುಣ್ಣಿನ ಮೇಲೆಯೇ ದಿನವೂ ನೊಗ ಹೂಡಿದರೆ ಯಾವ ಮದ್ದು ಹಚ್ಚಿದರೂ ಅದು ಮಾಯುವುದಿಲ್ಲ. ಇಲ್ಲಿಯೂ ಹಾಗೆಯೇ. ನೋವಿಗೆ ಹೆದರಿ ರೋಗಿ ಎರಡು ದಿನ ತಡೆಯುತ್ತಾನೆ, ಊಟವನ್ನೂ ಕಡಿಮೆ ಮಾಡುತ್ತಾನೆ. ತಡೆದಷ್ಟೂ ಮಲ ಒಣಗಿ ಗಟ್ಟಿಯಾಗುತ್ತದೆ. ಮೂರನೆಯ ದಿನ ಹಳೆಯ ಗಾಯ ಮತ್ತೆ ಸೀಳುತ್ತದೆ. ಆದ್ದರಿಂದ ಮಲವನ್ನು ಮೆತ್ತಗೆ ಮಾಡುವುದೇ ಮುಖ್ಯ ಮದ್ದು. ಉಳಿದುದೆಲ್ಲ ಅದಕ್ಕೆ ಸಹಾಯ.

ಮನೆಯಲ್ಲಿ ಮಾಡಬೇಕಾದುದು ಇಷ್ಟು:

1. ನೀರು. ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು. ಹೊಲಕ್ಕೆ ಬುತ್ತಿಯ ಜೊತೆ ನೀರಿನ ಪಾತ್ರೆಯೂ ಹೋಗಲಿ. ನೀರುಮಜ್ಜಿಗೆಯೂ ಒಳ್ಳೆಯದು. ಬರೀ ಚಹ ಕುಡಿದು ಹೊತ್ತು ಕಳೆಯಬೇಡಿ.

2. ನಾರಿನ ಆಹಾರ. ಇದನ್ನು ಪೇಟೆಯಿಂದ ತರಬೇಕಿಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಬಸ್ಸಾರು, ಮೊಳಕೆ ಬಂದ ಹೆಸರುಕಾಳು, ಹುರುಳಿ, ಸೀಬೆ, ಪರಂಗಿ, ಬಾಳೆಹಣ್ಣು ಎಲ್ಲವೂ ನಮ್ಮಲ್ಲೇ ಉಂಟು. ಪಾಲಿಶ್ ಮಾಡಿದ ಅಕ್ಕಿ, ಮೈದಾ ಬನ್ನು, ಬಿಸ್ಕತ್ತುಗಳನ್ನು ಕಡಿಮೆ ಮಾಡಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ದಿನದಿಂದ ದಿನಕ್ಕೆ ಹೆಚ್ಚಿಸಿ. ಸಾಲದಿದ್ದರೆ ಇಸಬಗೋಲು ಹೊಟ್ಟು ಒಂದೆರಡು ಚಮಚವನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿ ಆಗಲೇ ಕುಡಿಯಿರಿ. ಒಣಗಿದ್ದನ್ನು ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

3. ಬೆಚ್ಚನೆಯ ನೀರಿನಲ್ಲಿ ಕೂರುವುದು. ಅಗಲವಾದ ಬೋಗುಣಿ ಅಥವಾ ಟಬ್ಬಿನಲ್ಲಿ ಕೈಗೆ ಹಿತವಾಗುವಷ್ಟು ಬೆಚ್ಚನೆಯ ನೀರು ಹಾಕಿ, ಸೊಂಟದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕೂರಬೇಕು. ದಿನಕ್ಕೆ ಎರಡು ಮೂರು ಸಲ. ಹೊರಕಡೆಗೆ ಹೋಗಿ ಬಂದ ಮೇಲೆ ತಪ್ಪದೆ. ಬಿಗಿದ ಸ್ನಾಯು ಸಡಿಲಗೊಂಡು ನೋವು ಇಳಿಯುತ್ತದೆ. ಕುದಿನೀರು ಬೇಡ; ಔಷಧಿ, ಡೆಟಾಲ್ ಏನೂ ಬೇಡ.

4. ಶೌಚದ ರೂಢಿ. ಒತ್ತಡ ಬಂದಾಗ ತಡೆಯಬೇಡಿ, ಬಾರದಿದ್ದಾಗ ತಿಣುಕಬೇಡಿ. ಬಹಳ ಹೊತ್ತು ಕೂರಬೇಡಿ. ಹೋಗುವ ಮೊದಲು ಸ್ವಲ್ಪ ವ್ಯಾಸಲೀನ್ ಸವರಿಕೊಂಡರೆ ಒರಸುವಿಕೆ ತಗ್ಗುತ್ತದೆ. ನೀರಿನಿಂದ ಮೆಲ್ಲನೆ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಿ. ಸೋಪು ಹಚ್ಚಿ ಉಜ್ಜಬೇಡಿ.

ಇಲ್ಲಿ ಗಂಡಸರಿಗೆ ಒಂದು ಮಾತು. ಮನೆಯಲ್ಲಿ ಶೌಚಾಲಯವಿಲ್ಲದಿದ್ದರೆ, ಇದ್ದರೂ ಅದರಲ್ಲಿ ಸೌದೆ ತುಂಬಿದ್ದರೆ, ಹೆಂಗಸರು ಕತ್ತಲಾಗುವವರೆಗೆ ತಡೆಯಬೇಕಾಗುತ್ತದೆ. ಹೊರಕಡೆಗೆ ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಅವರ ಮಲಬದ್ಧತೆಗೆ ಮದ್ದು ನನ್ನ ಪೆಟ್ಟಿಗೆಯಲ್ಲಿಲ್ಲ. ಅದು ನಿಮ್ಮ ಹಿತ್ತಲಿನಲ್ಲಿದೆ. ಸೌದೆಯನ್ನು ಬೇರೆ ಕಡೆ ಒಟ್ಟಿ.

ಮಾಡಬಾರದುದನ್ನೂ ಕೇಳಿ. ಸುಣ್ಣ, ಹೊಗೆಸೊಪ್ಪು, ಸುಡುವ ಯಾವ ಮದ್ದನ್ನೂ ಅಲ್ಲಿ ಹಚ್ಚಬೇಡಿ. ಸಂತೆಯಲ್ಲಿ "ಒಂದೇ ದಿನದಲ್ಲಿ ಗುಣ" ಎಂದು ಸೂಜಿ ಚುಚ್ಚುವವರ ಕೈಗೆ ಸಿಕ್ಕಬೇಡಿ. ಬೇಗ ಗುಣವಾಗಲೆಂದು ಕಡು ಭೇದಿಮದ್ದನ್ನು ಕುಡಿಯಬೇಡಿ. ನೀರಾದ ಭೇದಿಯೂ ಗಾಯವನ್ನು ಕೆರಳಿಸುತ್ತದೆ. ಕಬ್ಬಿಣದ ಮಾತ್ರೆ ನುಂಗುವ ಗರ್ಭಿಣಿಯರಿಗೆ ಮಲ ಕಪ್ಪಾಗಿ ಗಟ್ಟಿಯಾಗುವುದುಂಟು. ಅವರು ಮಾತ್ರೆ ಬಿಡದೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು.

ಹೀಗೆ ನಡೆದುಕೊಂಡರೆ ಹೊಸ ಬಿರುಕು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಮಾಯುತ್ತದೆ. ನೋವು ನಿಂತಿತೆಂದು ರೂಢಿಯನ್ನು ಬಿಡಬೇಡಿ. ಬಿಟ್ಟವರಿಗೆ ಅದು ಮರಳಿ ಬರುತ್ತದೆ. ಎರಡು ವಾರದಲ್ಲಿ ಸುಧಾರಿಸದಿದ್ದರೆ ಆರೋಗ್ಯ ಕೇಂದ್ರಕ್ಕೆ ಬನ್ನಿ. ಸ್ನಾಯುವನ್ನು ಸಡಿಲಿಸುವ ಮುಲಾಮುಗಳಿವೆ. ಅವುಗಳಿಂದಲೂ ಗುಣವಾಗದ ಹಳೆಯ ಬಿರುಕಿಗೆ ಸಣ್ಣ ಶಸ್ತ್ರಚಿಕಿತ್ಸೆ ಉಂಟು.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು. ರಕ್ತ ಕಂಡವರು ಒಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು. ರಕ್ತ ಹೆಚ್ಚು ಹೋದರೆ, ಗೆಡ್ಡೆಗಟ್ಟಿ ಬಂದರೆ, ತಲೆ ಸುತ್ತಿದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ಜ್ವರದೊಡನೆ ಊತ ಅಥವಾ ಕೀವು ಕಂಡರೆ ಅದೇ ದಿನ ಹೊರಡಿ. ವಯಸ್ಸು 45 ದಾಟಿದವರಿಗೆ ಹೊಸದಾಗಿ ರಕ್ತ ಕಂಡರೆ, ಮೈ ತೂಕ ಇಳಿಯುತ್ತಿದ್ದರೆ, ಮಲದ ರೂಢಿಯೇ ಬದಲಾಗಿದ್ದರೆ, ಅದನ್ನು ಮೂಲವ್ಯಾಧಿಯೆಂದು ತಳ್ಳಿಹಾಕಬೇಡಿ. ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಮೊದಲು ಕಾಣಿಸಿಕೊಳ್ಳಬಹುದು; ಬೇಗ ಕಂಡುಹಿಡಿದರೆ ಗುಣಪಡಿಸುವ ಅವಕಾಶ ಹೆಚ್ಚು.

ಎತ್ತಿಗೆ ಹುಣ್ಣಾದರೆ ನಾಲ್ಕು ಜನರನ್ನು ಕೇಳಿ ಉಪಚಾರ ಮಾಡುವ ನೀವು ನಿಮ್ಮ ದೇಹದ ಹುಣ್ಣನ್ನು ಮುಚ್ಚಿಡಬೇಕೇಕೆ? ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ. ಇಂದು ಕೇಳಿದ್ದನ್ನು ಮನೆಗೆ ಹೋಗಿ ತಾಯಿಗೂ ಹೆಂಡತಿಗೂ ಹೇಳಿ. ಅವರಲ್ಲಿಯೂ ಒಬ್ಬರು ಸುಮ್ಮನೆ ನೋವು ನುಂಗುತ್ತಿರಬಹುದು.