ಬಾಗಿಲು ತಟ್ಟಿದವರು ಯಾರು?

(ವೇದಿಕೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಬಹಳಷ್ಟು ಜನ ಶೇರಿಂಗ್ ಮನೆಯಲ್ಲಿ ಇರೋರು. ಕೇರ್ ಹೋಮ್‌ನಲ್ಲೋ ವೇರ್‌ಹೌಸ್‌ನಲ್ಲೋ ನೈಟ್ ಶಿಫ್ಟ್ ಮುಗಿಸಿ ಮಲಗಿರ್ತೀವಿ, ಹನ್ನೊಂದು ಗಂಟೆಗೆ ಯಾರೋ ಬಾಗಿಲು ಬಡೀತಾರೆ. ಕಿಟಕಿಯಿಂದ ನೋಡಿದ್ರೆ ಯೂನಿಫಾರ್ಮು. ಕೆಲವರು ವೀಸಾ ಹೋಯ್ತು ಅಂತ ಹೆದರಿ ಉಸಿರು ಬಿಗಿಹಿಡಿದು ಕೂರ್ತಾರೆ. ಇನ್ನು ಕೆಲವರು ಬಾಗಿಲು ಪೂರ್ತಿ ತೆಗೆದು "ಬನ್ನಿ ಸರ್, ಟೀ ಮಾಡ್ಲಾ?" ಅಂತಾರೆ. ಎರಡೂ ಬೇಕಾಗಿಲ್ಲ. ಬಂದವರು ಯಾರು, ಯಾವ ಅಧಿಕಾರದ ಮೇಲೆ ಬಂದಿದ್ದಾರೆ ಅನ್ನೋದು ಮೊದಲು ಗೊತ್ತಾಗಬೇಕು. ನಾನು ಹೇಳ್ತಿರೋದು ಇಂಗ್ಲೆಂಡಿನ ಕಾನೂನು, ಸ್ಕಾಟ್ಲೆಂಡಿನದು ಬೇರೆ.

ಮನೆಗೆ ಬೆಂಕಿ ಬಿದ್ದಿದ್ರೆ, ಬೀಳೋ ಹಾಗಿದ್ರೆ ಫೈರ್ ಬ್ರಿಗೇಡ್‌ನವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ, ಬಾಗಿಲು ಒಡೆದೇ ಬರಬಹುದು. 2004ರ ಕಾಯ್ದೆ ಆ ಅಧಿಕಾರ ಕೊಟ್ಟಿದೆ. ಬೆಂಕಿ ಇಲ್ಲದಾಗ, ಬರೀ ಮಾಹಿತಿಗೋ ತನಿಖೆಗೋ ಬಂದ್ರೆ ಕಥೆ ಬೇರೆ. ಜನ ವಾಸವಾಗಿರೋ ಮನೆಯೊಳಗೆ ಬಿಡಲೇಬೇಕು ಅಂತ ಕೇಳೋದಕ್ಕೆ, ಅದೇ ಕಾಯ್ದೆ ಪ್ರಕಾರ, 24 ಗಂಟೆ ಮೊದಲು ಬರಹದಲ್ಲಿ ನೋಟಿಸ್ ಕೊಟ್ಟಿರಬೇಕು. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಬಲವಂತವಾಗಿ ನುಗ್ಗೋ ಹಾಗಿಲ್ಲ. ಮೆಟ್ಟಿಲು, ಹಾಲ್‌ವೇ, ಎಲ್ಲರೂ ಬಳಸೋ ಅಡುಗೆಮನೆ ಇವೆಲ್ಲ 2005ರ ಫೈರ್ ಸೇಫ್ಟಿ ಆದೇಶದ ಕೆಳಗೆ ಬರ್ತವೆ, ಅಲ್ಲಿ ಇನ್‌ಸ್ಪೆಕ್ಟರಿಗೆ ಹೆಚ್ಚು ಸ್ವಾತಂತ್ರ್ಯ. ನಿಮ್ಮ ರೂಮು ಹಾಗಲ್ಲ.

ಕೌನ್ಸಿಲ್‌ನವರದ್ದು ಸ್ವಲ್ಪ ಗಮನ ಕೊಟ್ಟು ಕೇಳಿ, ಎಡವೋದು ಇಲ್ಲೇ. ಮನೆ ಸ್ಥಿತಿ ನೋಡೋದಕ್ಕೆ 24 ಗಂಟೆ ನೋಟಿಸ್ ಬೇಕು. ಆದರೆ ಒಂದೇ ಕುಟುಂಬದವರಲ್ಲದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಾತ್‌ರೂಮ್ ಹಂಚಿಕೊಂಡಿರೋ ಮನೆಗೆ ಎಚ್‌ಎಂಒ ಲೈಸೆನ್ಸ್ ಬೇಕೇ ಬೇಕು. ಅದು ಇಲ್ಲ ಅಂತ ಅನುಮಾನ ಬಂದ್ರೆ ನೋಟಿಸ್ ಇಲ್ಲದೆಯೇ ಬರಬಹುದು. ಬಿಡದೇ ಇದ್ರೆ ಕೋರ್ಟಿನಿಂದ ವಾರಂಟ್ ತರ್ತಾರೆ. ಅಡ್ಡಿ ಮಾಡೋದೂ ಅಪರಾಧ. ಲೈಸೆನ್ಸ್ ತಗೋಬೇಕಾದ್ದು ಮನೆ ಓನರ್, ನೀವಲ್ಲ. ಲೈಸೆನ್ಸ್ ಇಲ್ಲದ ಮನೆಗೆ ಕೊಟ್ಟ ಬಾಡಿಗೆಯನ್ನ ಟ್ರಿಬ್ಯೂನಲ್‌ನಲ್ಲಿ ವಾಪಸ್ ಕೇಳೋ ಹಕ್ಕೂ ನಿಮಗಿದೆ. "ಇನ್‌ಸ್ಪೆಕ್ಟರ್ ಬಂದ್ರೆ ಇಬ್ಬರೇ ಇರೋದು ಅನ್ನಿ" ಅಂತ ಓನರ್ ಹೇಳಿಕೊಟ್ಟಿದ್ರೆ ಯಾರನ್ನ ಉಳಿಸ್ತಿದ್ದಾನೆ, ಯೋಚನೆ ಮಾಡಿ.

ಇನ್ನು ಪೊಲೀಸರು. ಜೀವ ಉಳಿಸೋದಕ್ಕೆ, ಗಂಭೀರ ಅಪರಾಧದಲ್ಲಿ ಒಬ್ಬರನ್ನ ಬಂಧಿಸೋದಕ್ಕೆ ವಾರಂಟ್ ಇಲ್ಲದೆ ಬರಬಹುದು; 1984ರ ಪೊಲೀಸ್ ಕಾಯ್ದೆಯ 17ನೇ ಸೆಕ್ಷನ್. ವಾರಂಟ್ ಇದ್ರೆ ಅದರ ಪ್ರತಿ ನಿಮಗೆ ಕೊಡಬೇಕು. ವಿಳಾಸ ನಿಮ್ಮದೇನಾ ಅಂತ ಓದಿ ನೋಡಿ. ಇವೆರಡೂ ಇಲ್ಲದೆ "ಸುಮ್ನೆ ಒಂದ್ಸಲ ನೋಡ್ತೀವಿ" ಅಂದ್ರೆ ಅದು ನಿಮ್ಮ ಒಪ್ಪಿಗೆಯ ಮೇಲೆ ಮಾಡೋ ಶೋಧ. ಒಪ್ಪಲೇಬೇಕು ಅಂತೇನಿಲ್ಲ ಅನ್ನೋದನ್ನ ಅವರೇ ನಿಮಗೆ ಹೇಳಬೇಕು, ಸಾಧ್ಯವಿದ್ರೆ ಒಪ್ಪಿಗೆ ಬರಹದಲ್ಲಿ ತಗೋಬೇಕು. ಕೊಟ್ಟ ಒಪ್ಪಿಗೆಯನ್ನ ಮಧ್ಯದಲ್ಲೇ ವಾಪಸ್ ತಗೋಬಹುದು.

ಫೈರ್ ಇನ್‌ಸ್ಪೆಕ್ಟರ್ ಜೊತೆ ಪೊಲೀಸರೂ ಬಂದ್ರೆ? ಇನ್‌ಸ್ಪೆಕ್ಟರ್ ಬೇರೆಯವರನ್ನ ಜೊತೆಗೆ ಕರೆತರಬಹುದು. ಆದರೆ ಸ್ಮೋಕ್ ಅಲಾರಂ ನೋಡೋ ಅಧಿಕಾರದಲ್ಲಿ ನಿಮ್ಮ ಸೂಟ್‌ಕೇಸ್ ತೆಗೆಸೋದಕ್ಕೆ ಆಗಲ್ಲ. ಪ್ರತಿಯೊಬ್ಬರ ಅಧಿಕಾರವನ್ನೂ ಬೇರೆ ಬೇರೆ ಕೇಳಿ. ಒಂದು ಮಾತು: ಕಾನೂನುಬದ್ಧವಾಗಿ ಒಳಗೆ ಬಂದ ಪೊಲೀಸರು ಕಣ್ಣಿಗೆ ಬಿದ್ದ ಅಪರಾಧದ ಸಾಕ್ಷ್ಯವನ್ನ ತಗೊಂಡು ಹೋಗಬಹುದು.

ನಮ್ಮೂರಲ್ಲಿ ಓನರ್ ಅಂಕಲ್ ಯಾವಾಗ ಬೇಕಾದ್ರೂ ಒಳಗೆ ಬಂದು ನಲ್ಲಿ ನೋಡಿ ಹೋಗೋರು, ಯಾರೂ ಏನೂ ಅಂತಿರಲಿಲ್ಲ. ಇಲ್ಲಿ ರಿಪೇರಿ ನೋಡೋದಕ್ಕೂ ಓನರ್ 24 ಗಂಟೆ ಮೊದಲು ಬರೆದು ತಿಳಿಸಬೇಕು. "ಓನರ್ ಕೀ ಕೊಟ್ಟಿದ್ದಾರೆ" ಅನ್ನೋದೂ ಸಾಲದು. ತುರ್ತು ಸಂದರ್ಭ ಬಿಟ್ರೆ ಬರೀ ಓನರ್ ಒಪ್ಪಿಗೆ ಮೇಲೆ ಬಾಡಿಗೆದಾರರ ರೂಮು ಶೋಧಿಸಬಾರದು ಅಂತ ಪೊಲೀಸರ ನಿಯಮಾವಳಿಯೇ ಹೇಳುತ್ತೆ.

ಹಾಗಂತ ಬಾಗಿಲಲ್ಲಿ ನಿಂತು ತಳ್ಳಾಟ ಮಾಡಬೇಡಿ. ಚೈನ್ ಹಾಕಿ ಬಾಗಿಲು ತೆಗೀರಿ, ಗುರುತಿನ ಚೀಟಿ ಕೇಳಿ. ಪೊಲೀಸ್ ಹೌದೋ ಅಲ್ಲವೋ ಅನುಮಾನ ಇದ್ರೆ 101ಕ್ಕೆ ಫೋನ್ ಮಾಡಿ ವಿಚಾರಿಸಿ. "ಯಾವ ಕಾಯ್ದೆ ಕೆಳಗೆ ಬಂದಿದ್ದೀರಿ?" ಅಂತ ಮರ್ಯಾದೆಯಿಂದ ಕೇಳಿ. ನೀವು ಬೇಡ ಅಂದ್ರೂ ಒಳಗೆ ಬಂದ್ರೆ ತಡೀಬೇಡಿ. "ನನ್ನ ಒಪ್ಪಿಗೆ ಇಲ್ಲ" ಅಂತ ಸ್ಪಷ್ಟವಾಗಿ ಹೇಳಿ, ಹೆಸರು, ಕಾಲರ್ ನಂಬರ್, ಸಮಯ ಬರೆದಿಟ್ಕೊಳ್ಳಿ. ದೂರು ಕೊಡೋದಕ್ಕೆ ಆಮೇಲೆ ಸಮಯ ಇದೆ.

ಸ್ಮೋಕ್ ಅಲಾರಂ ಪ್ರತಿ ಮಹಡಿಯಲ್ಲೂ ಹಾಕಿಸಬೇಕಾದ್ದು ಓನರ್ ಕೆಲಸ. ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತೆ ಅಂತ ಬ್ಯಾಟರಿ ತೆಗೆದಿಟ್ಟಿರೋರು ಇವತ್ತೇ ವಾಪಸ್ ಹಾಕಿ. ಈಗ ಪ್ರಶ್ನೆ ಇದ್ದೋರು ಕೇಳಿ.